ಕೆಮ್ಮದವರ ಕೋಣೆ

"ನಿನ್ನ ಆ ಕೊಳವೆ ನನ್ನ ಗಂಡನನ್ನ ಎಲ್ಲಿಗೆ ಊದಿ ಬಿಸಾಕಿದೆ ಗೊತ್ತೇನೇ?"

ಅತ್ತಿಗೆ ಬಾಗಿಲಲ್ಲೇ ಶುರು ಮಾಡಿದಳು. ಚಪ್ಪಲಿ ಬಿಡುವಷ್ಟು ತಾಳ್ಮೆಯೂ ಇರಲಿಲ್ಲ. ಒಳಗೆ ಇಸ್ತ್ರಿ ಮಾಡುತ್ತಿದ್ದ ಊದಮ್ಮ ತಲೆ ಎತ್ತಿದಳು. ಇಸ್ತ್ರಿಪೆಟ್ಟಿಗೆ ಇನ್ನೊಂದು ಕ್ಷಣ ಹಾಗೇ ನಿಂತಿದ್ದರೆ ಅಪ್ಪನ ಒಂದು ಶರ್ಟು ಹೋಗುತ್ತಿತ್ತು.

ಊದಮ್ಮ ಎಂಬುದು ಬೇಕರಿಯವರು ಇಟ್ಟ ಹೆಸರು. ಸಾರ್ವಜನಿಕ ಆರೋಗ್ಯ ಓದುತ್ತಿದ್ದ ಅವಳು ಕೊನೆಯ ವರ್ಷದ ಅಧ್ಯಯನಕ್ಕೆ ಅಪ್ಪ, ಅಣ್ಣ ಇಬ್ಬರೂ ಕೆಲಸ ಮಾಡುವ ಬೇಕರಿಯನ್ನೇ ಆರಿಸಿಕೊಂಡಿದ್ದಳು. ಅರ್ಧ ಊರಿಗೆ ಬ್ರೆಡ್ಡು ಹೋಗುವುದು ಅಲ್ಲಿಂದಲೇ. ಅಪ್ಪ ಹಿಟ್ಟಿನ ಕೋಣೆಯ ಮೇಸ್ತ್ರಿ. ಅಣ್ಣ ವ್ಯಾನ್ ಓಡಿಸುತ್ತಾನೆ. ಬಿಳಿ ಪ್ಲಾಸ್ಟಿಕ್ ಕೊಳವೆಯೊಂದನ್ನು ಹಿಡಿದು ಅವಳು ಎರಡು ವಾರ ಅಲ್ಲಿ ಒಬ್ಬೊಬ್ಬರ ಮುಂದೆಯೂ ನಿಂತಿದ್ದಳು. ಬಾಯಿಟ್ಟು ಜೋರಾಗಿ ಊದಿದರೆ ಕೊಳವೆಯ ಪಕ್ಕದ ಕೆಂಪು ಮುಳ್ಳು ಮೇಲಕ್ಕೆ ಹೋಗುತ್ತದೆ. ಎದೆಯಲ್ಲಿ ಎಷ್ಟು ಕಸುವಿದೆಯೋ ಅಷ್ಟು ಮೇಲೆ. "ಉಸಿರು ತುಂಬ್ಕೊಳ್ಳಿ, ಇನ್ನೂ ತುಂಬ್ಕೊಳ್ಳಿ, ಈಗ ಊದಿ, ಊದಿ, ಊದಿ!" ಎಂದು ಅವಳು ಕೂಗುತ್ತಿದ್ದರೆ ಪ್ಯಾಕಿಂಗಿನ ಹೆಂಗಸರು ಒಂದು ಮೂಲೆಯಲ್ಲಿ ನಿಂತು ಅದನ್ನೇ ಅಣಕಿಸಿ ನಗುತ್ತಿದ್ದರು. ಮೂರನೆಯ ದಿನಕ್ಕೆ ಹೆಸರು ಅಂಟಿಕೊಂಡಿತು.

ಫಲಿತಾಂಶ ಸ್ಪಷ್ಟವಾಗಿತ್ತು. ಹಿಟ್ಟಿನ ಕೋಣೆಯವರ ಮುಳ್ಳು ಎಲ್ಲರಿಗಿಂತ ಮೇಲೆ. ವ್ಯಾನಿನವರ ಮುಳ್ಳು ಎಲ್ಲರಿಗಿಂತ ಕೆಳಗೆ. ಹಿಟ್ಟಿನ ಧೂಳು ಎದೆಗೆ ಹಾಳು ಎಂದು ಪುಸ್ತಕಗಳು ಹೇಳುತ್ತವೆ, ಆದರೆ ಈ ಬೇಕರಿಯಲ್ಲಿ ಅದರ ಕುರುಹಿಲ್ಲ. ಇಲ್ಲಿ ತೊಂದರೆ ಇರುವುದು ರಸ್ತೆಯ ಹೊಗೆಯಿಂದ ಎಂದು ಅವಳು ಬರೆದಿದ್ದಳು. ಬರೆಯುವಾಗ ಒಳಗೊಳಗೇ ಹಿಗ್ಗಿದ್ದಳು ಕೂಡ. ಪುಸ್ತಕಕ್ಕೆ ಎದುರು ಹೋಗುವ ಮಾತನ್ನು ಬರೆಯುವುದೆಂದರೆ ಅವಳ ವಯಸ್ಸಿನಲ್ಲಿ ಅದರ ರುಚಿಯೇ ಬೇರೆ. ಕಾಲೇಜಿಗೆ ಒಪ್ಪಿಸುವ ಮೊದಲು ಒಂದು ಪ್ರತಿಯನ್ನು ಬೇಕರಿಯ ಯಜಮಾನಿಗೆ ಕೊಟ್ಟು ಬಂದಿದ್ದಳು.

"ಏನಾಯ್ತು ಅತ್ತಿಗೆ?"

"ಆಗೋದೇನು. ನಿಮ್ಮ ಯಜಮಾನಿ ನಿನ್ನ ವರದಿಯನ್ನ ಕಣ್ಣಿಗೆ ಒತ್ಕೊಂಡು ಓದಿದ್ದಾಳೆ. ಬರೋ ತಿಂಗಳಿಂದ ವ್ಯಾನೆಲ್ಲ ಹೊರಗಿನ ಕಂಪನಿಗಂತೆ. ಡ್ರೈವರುಗಳನ್ನ ಒಳಗೆ ತಗೋತಾರಂತೆ. 'ಪಾಪ, ಹೊಗೆ ಕುಡಿದು ಸಾಯ್ತಿದ್ದಾರೆ, ಒಳಗೆ ಒಳ್ಳೆ ಗಾಳಿ ಇದೆ' ಅಂತ ಅಂದಳಂತೆ. ನಿನ್ನ ಅಣ್ಣನಿಗೆ ಮೊದಲಿನ ಕೆಲಸ ಗೊತ್ತಲ್ಲ, ಅದಕ್ಕೇ ಅವರನ್ನ ಎಲ್ಲರಿಗಿಂತ ಮೊದಲು ಹಿಟ್ಟಿನ ಕೋಣೆಗೆ ಹಾಕಿದ್ದಾರೆ."

"ಅಪ್ಪನ ಕೈ ಕೆಳಗಾ?"

"ಅಪ್ಪನ ಕೈ ಕೆಳಗೇ. ಒಂದೂವರೆ ವರ್ಷದಿಂದ ಮಾತಿಲ್ಲ ಕತೆಯಿಲ್ಲ, ಈಗ ದಿನಾ ಮುಖ ನೋಡ್ಕೊಂಡು ಹಿಟ್ಟು ಕಲಸಬೇಕು. ಇವರು ಕೆಲಸ ಬಿಡ್ತೀನಿ ಅಂತ ಕೂತಿದ್ದಾರೆ. ಬಿಡಲಿ, ಬೇರೆ ಕೆಲಸ ಸಿಗುತ್ತೆ. ನನ್ನ ಚಿಂತೆ ಅದಲ್ಲ." ಅತ್ತಿಗೆ ಅಲ್ಲಿಯವರೆಗೂ ಏರಿಸಿದ್ದ ದನಿಯನ್ನು ಇಳಿಸಿದಳು. "ಆ ಕೋಣೆಯಲ್ಲಿದ್ದಾಗ ಇವರು ಕೂತೇ ನಿದ್ದೆ ಮಾಡ್ತಿದ್ರು ಕಣೇ. ಕೆಮ್ಮು ಹತ್ತಿ, ಮಲಗಿದರೆ ಉಸಿರು ಸಿಗ್ತಿರಲಿಲ್ಲ. ಯಾರಿಗೂ ಹೇಳಬೇಡ ಅಂದಿದ್ರು, ಹೇಳಿರಲಿಲ್ಲ. ಈಗ ಹೇಳ್ತಿದ್ದೀನಿ. ಮತ್ತೆ ಅಲ್ಲಿಗೆ ಹೋದರೆ ನನಗೆ ಭಯ."

ಊದಮ್ಮ ಇಸ್ತ್ರಿಪೆಟ್ಟಿಗೆಯ ಸ್ವಿಚ್ ಆರಿಸಿದಳು.

ಅಣ್ಣನನ್ನು ಹಿಟ್ಟಿನ ಕೋಣೆಯಿಂದ ತೆಗೆದದ್ದು ಅಪ್ಪನೇ. ಅದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ಎಲ್ಲರ ಎದುರು ಅಪ್ಪ "ಇವನದು ಸೋಮಾರಿ ಕೈ, ಇವನಿಗೆ ಹಿಟ್ಟು ಒಲಿಯಲ್ಲ, ವ್ಯಾನಿಗೆ ಹಾಕಿ" ಎಂದಿದ್ದ. ಅವತ್ತೇ ಅಣ್ಣ ಅತ್ತಿಗೆಯನ್ನು ಕರೆದುಕೊಂಡು ಎರಡು ಬೀದಿ ಆಚೆ ಮನೆ ಹಿಡಿದ. ಕೂತು ನಿದ್ದೆ ಮಾಡುತ್ತಿದ್ದ ವಿಷಯ ಮಾತ್ರ ಊದಮ್ಮನಿಗೆ ಹೊಸದು. ಅವಳ ಲೆಕ್ಕದಲ್ಲಿ ಅಣ್ಣನ ಎದೆ ಕೆಟ್ಟದ್ದು ರಸ್ತೆಯಲ್ಲಿ.

ಮಾರನೆಯ ದಿನ ಬೆಳಗ್ಗೆ ಅವಳು ಅಣ್ಣನ ವ್ಯಾನ್ ಹತ್ತಿದಳು.

*

"ಏನು ಊದಮ್ಮನವರು ಬಡವರ ವ್ಯಾನಿಗೆ ದಯಮಾಡಿಸಿದ್ದೀರಿ? ಇಲ್ಲಿ ಬಹಳ ಹೊಗೆ ಇದೆಯಂತೆ. ವರದಿಯಲ್ಲಿ ಓದಿದೆ."

"ಅಣ್ಣ, ತಮಾಷೆ ಸಾಕು."

"ತಮಾಷೆ ಅಲ್ಲ. ಮುಖಕ್ಕೆ ಬಟ್ಟೆ ಕಟ್ಕೋ. ಸತ್ತುಗಿತ್ತು ಹೋದೀಯ."

ಮೊದಲ ಅಂಗಡಿಯ ಮುಂದೆ ವ್ಯಾನ್ ನಿಂತಿತು. ಅಣ್ಣ ಹಿಂದಿನಿಂದ ಎರಡು ಟ್ರೇಗಳನ್ನು ಒಂದರ ಮೇಲೊಂದು ಎತ್ತಿಕೊಂಡು ಮೆಟ್ಟಿಲು ಹತ್ತಿ ಹೋದ. ಖಾಲಿ ಟ್ರೇ ಹಿಡಿದು ಇಳಿದು ಬಂದ. ಎರಡನೆಯ ಅಂಗಡಿ, ಮೂರನೆಯದು. ಅವಳು ಟ್ರೇಗಳತ್ತ ನೋಡುತ್ತಿರಲಿಲ್ಲ, ಅವನ ಎದೆಯನ್ನೇ ನೋಡುತ್ತಿದ್ದಳು. ಅವನು ಎಲ್ಲಿಯೂ ನಿಂತು ಸುಧಾರಿಸಿಕೊಳ್ಳಲಿಲ್ಲ.

"ಕೆಮ್ಮು ಹೇಗಿದೆ?"

"ಯಾವ ಕೆಮ್ಮು?"

"ಅತ್ತಿಗೆ ಹೇಳಿದಳು."

ಅಣ್ಣ ಗೇರ್ ಬದಲಿಸಿದ. "ಅವಳ ಹೊಟ್ಟೇಲಿ ಒಂದು ಮಾತೂ ನಿಲ್ಲಲ್ಲ. ಆಗ ಇತ್ತು. ವ್ಯಾನಿಗೆ ಬಂದ ಮೇಲೆ ಕಮ್ಮಿ ಆಯ್ತು. ಪೂರ್ತಿ ಹೋಗಿಲ್ಲ, ಆದರೆ ಮಲಗ್ತೀನಿ. ನಿನ್ನ ಕೊಳವೆಯ ಮುಳ್ಳು ಮೇಲೆ ಹೋಗಲಿಲ್ಲ ಅಂತ ನೀನು ಮುಖ ಸಣ್ಣಗೆ ಮಾಡಿದೆ ನೋಡು, ಎರಡು ವರ್ಷದ ಹಿಂದೆ ಊದಿಸಿದ್ದರೆ ಅದು ಅಲ್ಲಾಡ್ತಾನೇ ಇರಲಿಲ್ಲ."

"ನಾನು ಊದಿಸುವಾಗಲೇ ಯಾಕೆ ಹೇಳಲಿಲ್ಲ?"

"ನೀನು ಕೇಳಲಿಲ್ಲ."

ಹೌದು, ಕೇಳಿರಲಿಲ್ಲ. ಈಗ ಏನು ಕೆಲಸ, ಎಷ್ಟು ಗಂಟೆ, ಬೀಡಿ ಸಿಗರೇಟು ಇದೆಯಾ, ಮನೆಯಲ್ಲಿ ಒಲೆ ಯಾವುದು. ಎಲ್ಲ ಕೇಳಿದ್ದಳು. ಅಣ್ಣನ ಸರದಿ ಬಂದಾಗ ಅದನ್ನೂ ಕೇಳದೆ ತಾನೇ ತುಂಬಿಕೊಂಡಿದ್ದಳು. ಅಣ್ಣನ ವಿಷಯ ತನಗೆ ಗೊತ್ತಿಲ್ಲದ್ದೇನಿದೆ ಎಂಬ ಧೈರ್ಯ.

"ಬೇರೆ ಡ್ರೈವರುಗಳು ಮೊದಲು ಎಲ್ಲಿದ್ದರು?"

"ನಮ್ಮಲ್ಲಿ ಹೊರಗಿನಿಂದ ಡ್ರೈವರ್ ಅಂತ ಬಂದೋರು ಯಾರಿದ್ದಾರೆ? ಎಲ್ಲ ಒಳಗಿಂದ ಬಂದೋರೇ. ನೀನೇ ಕೇಳು, ಈಗ ಎಲ್ಲ ಟ್ರೇ ತೊಳೆಯೋಕೆ ಬರ್ತಾರೆ."

ಬೇಕರಿಯ ಹಿಂದಿನ ಅಂಗಳದಲ್ಲಿ ವ್ಯಾನುಗಳು ಸಾಲಾಗಿ ನಿಂತಿದ್ದವು. ಡ್ರೈವರುಗಳು ಪ್ಯಾಂಟು ಮಡಚಿಕೊಂಡು ಪೈಪಿನಲ್ಲಿ ಟ್ರೇ ತೊಳೆಯುತ್ತಿದ್ದರು. ಊದಮ್ಮನನ್ನು ನೋಡಿ ಒಬ್ಬ ಪೈಪನ್ನೇ ಬಾಯಿಗಿಟ್ಟುಕೊಂಡು ಊದುವ ನಾಟಕ ಮಾಡಿದ. ಇವಳ ಮೇಲೆ ಅವರಿಗೆ ಸಿಟ್ಟಿತ್ತು, ಆದರೆ ಮೇಸ್ತ್ರಿಯ ಮಗಳು, ಬೈಯುವಂತಿಲ್ಲ.

"ಒಂದೇ ಪ್ರಶ್ನೆ," ಎಂದಳು. "ವ್ಯಾನಿಗೆ ಬರೋ ಮೊದಲು ನೀವೆಲ್ಲ ಎಲ್ಲಿದ್ರಿ?"

"ಹಿಟ್ಟಿನ ಕೋಣೇಲಿ," ಎಂದ ಪೈಪಿನವನು. "ನಾನು ಬಹಳ ಮಾತಾಡ್ತೀನಂತೆ. ಮಾತಾಡಿದರೆ ಹಿಟ್ಟಿಗೆ ಎಂಜಲು ಸಿಡಿಯುತ್ತಂತೆ. ನಿಮ್ಮ ತಂದೆ ಹೇಳಿ ಇಲ್ಲಿಗೆ ಹಾಕ್ಸಿದ್ರು."

"ನಾನೂ ಅಲ್ಲೇ. ನನಗೆ ಹದ ಗೊತ್ತಾಗಲ್ಲ ಅಂದ್ರು. ಹತ್ತು ವರ್ಷ ಹದ ಗೊತ್ತಿತ್ತು, ಒಂದು ಬೆಳಗ್ಗೆ ಗೊತ್ತಿಲ್ಲದೆ ಹೋಯ್ತು."

"ಇವನದು ಕೇಳಿ," ಎಂದು ಪೈಪಿನವನು ಮೂಲೆಯಲ್ಲಿದ್ದ ಮೀಸೆಯವನನ್ನು ತೋರಿಸಿದ. ಮೀಸೆಯವನ ಮುಖದಲ್ಲಿ ಹುಟ್ಟಿದಾಗಿನಿಂದ ನಗು ಸುಳಿದ ಗುರುತಿರಲಿಲ್ಲ. "ಇವನ ನಗು ಚೆನ್ನಾಗಿದೆಯಂತೆ! ಅಂಗಡಿಯವರ ಜೊತೆ ವ್ಯವಹಾರಕ್ಕೆ ಇಂಥ ನಗುಮುಖ ಬೇಕು ಅಂತ ಮೇಸ್ತ್ರಿಗಳು ಯಜಮಾನಿಗೆ ಹೇಳಿದ್ರಂತೆ!"

ಎಲ್ಲರೂ ನಕ್ಕರು. ಮೀಸೆಯವನು ನಗಲಿಲ್ಲ.

ಊದಮ್ಮನೂ ನಗಲಿಲ್ಲ. "ಆಗ ನಿಮಗೆ ಕೆಮ್ಮಿತ್ತಾ?"

ನಗು ನಿಂತಿತು. ಪೈಪಿನಿಂದ ನೀರು ಸುಮ್ಮನೆ ನೆಲಕ್ಕೆ ಹರಿಯುತ್ತಿತ್ತು. ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಸ್ವಲ್ಪ ಇತ್ತು," ಎಂದ ಮೀಸೆಯವನು.

"ನಿನಗೂನಾ?" ಎಂದ ಪೈಪಿನವನು. "ನಾನು ಹಿತ್ತಲಿಗೆ ಹೋಗಿ ಕೆಮ್ಮಿ ಬರ್ತಿದ್ದೆ. ಮೇಸ್ತ್ರಿಗಳಿಗೆ ಕೇಳಬಾರದು ಅಂತ."

"ನಾನು ನಲ್ಲಿ ಬಿಟ್ಕೊಂಡು ಕೆಮ್ತಿದ್ದೆ," ಎಂದ ಅಣ್ಣ ನಿಧಾನವಾಗಿ. ಇಷ್ಟು ದಿನ ಒಂದೇ ಅಂಗಳದಲ್ಲಿ ಟ್ರೇ ತೊಳೆದ ಗಂಡಸರು ಈ ಒಂದು ಮಾತನ್ನು ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ.

ಊದಮ್ಮ ಅಲ್ಲಿದ್ದ ಒಂದು ಟ್ರೇಯನ್ನು ಬೋರಲು ಹಾಕಿ ಅದರ ಮೇಲೆ ಕೂತಳು. ಟ್ರೇ ಒದ್ದೆಯಾಗಿತ್ತು. ಗಮನ ಇರಲಿಲ್ಲ. ಕೋಣೆಯನ್ನು ಅಳೆದೆ ಅಂದುಕೊಂಡಿದ್ದಳು. ಅವಳು ಅಳೆದದ್ದು ಆ ಕೋಣೆಯಲ್ಲಿ ಉಳಿದವರನ್ನು. ಎದೆ ಕೆಟ್ಟವರನ್ನೆಲ್ಲ ಯಾರೋ ಮೊದಲೇ ಒಬ್ಬೊಬ್ಬರಾಗಿ ಆರಿಸಿ ತೆಗೆದು ಅಂಗಳಕ್ಕೆ ಕಳಿಸಿದ್ದರು. ಆಮೇಲೆ ಅವಳು ಕೊಳವೆ ಹಿಡಿದು ಬಂದು, ಕೋಣೆ ಚೆನ್ನಾಗಿದೆ, ಅಂಗಳ ಕೆಟ್ಟದ್ದು ಎಂದು ಬರೆದಳು. ಆರಿಸಿದವನು ಅವಳ ಅಪ್ಪ.

*

ಹಿಟ್ಟಿನ ಕೋಣೆಯಲ್ಲಿ ಆ ಹೊತ್ತಿಗೆ ಕೆಲಸ ನಿಂತಿತ್ತು. ಉಳಿದವರು ಊಟಕ್ಕೆ ಹೋಗಿದ್ದರು. ಅಪ್ಪ ಒಬ್ಬನೇ ಮಿಕ್ಸರಿನ ದೊಡ್ಡ ಪಾತ್ರೆಯೊಳಕ್ಕೆ ಅರ್ಧ ಬಗ್ಗಿ, ತಳಕ್ಕೆ ಕಚ್ಚಿದ್ದ ಹಿಟ್ಟನ್ನು ಕೆರೆಯುತ್ತಿದ್ದ. ಕಿಟಕಿಯಿಂದ ಬಿಸಿಲು ಒಂದು ಪಟ್ಟಿಯಾಗಿ ಬಿದ್ದಿತ್ತು. ಮಿಕ್ಸರ್ ನಿಂತು ಇಷ್ಟು ಹೊತ್ತಾದರೂ ಆ ಪಟ್ಟಿಯೊಳಗೆ ಹಿಟ್ಟು ಇನ್ನೂ ತೇಲುತ್ತಿತ್ತು. ಅಪ್ಪನ ಹುಬ್ಬು, ಕಿವಿಯ ಕೂದಲು, ಮುಂಗೈ ಎಲ್ಲ ಬಿಳಿ.

"ಅಪ್ಪ, ಮೀಸೆಯವರ ನಗು ಅಷ್ಟು ಚೆನ್ನಾಗಿದೆಯಾ?"

ಅಪ್ಪ ಪಾತ್ರೆಯೊಳಗಿಂದ ತಲೆ ತೆಗೆಯಲಿಲ್ಲ. "ಏನೀಗ?"

"ಕೆಮ್ಮಿದವರನ್ನೆಲ್ಲ ನೀನೇ ವ್ಯಾನಿಗೆ ಹಾಕಿಸಿದ್ದು. ಒಬ್ಬೊಬ್ಬರಿಗೆ ಒಂದೊಂದು ನೆಪ ಹೇಳಿ."

ಕೆರೆಯುವ ಸದ್ದು ನಿಂತಿತು. ಅಪ್ಪ ಎದ್ದು ನಿಂತು ಸೊಂಟ ನೆಟ್ಟಗೆ ಮಾಡಿಕೊಂಡ. "ಯಾರು ಹೇಳಿದ್ದು?"

"ಯಾರೂ ಹೇಳಲಿಲ್ಲ. ಅವರಿಗೇ ಗೊತ್ತಿರಲಿಲ್ಲ."

"ಗೊತ್ತಾಗಬಾರದು ಅಂತಲೇ ಮಾಡಿದ್ದು." ಅಪ್ಪ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಈಗಿನ ಯಜಮಾನಿಯ ತಂದೆ ಇದ್ದರಲ್ಲ, ಅವರ ಕಾಲದಲ್ಲಿ ಹಿಟ್ಟಿನ ಹತ್ತಿರ ಯಾರಾದರೂ ಕೆಮ್ಮಿದರೆ ಮುಗೀತು, ಗೇಟಿನ ಹೊರಗೆ. ಬ್ರೆಡ್ಡು ತಿನ್ನೋರಿಗೆ ರೋಗ ಬರುತ್ತೆ ಅಂತ. ಹಾಗೆ ಹೋದವರನ್ನ ನೋಡಿದ್ದೀನಿ. ನಾನು ಮೇಸ್ತ್ರಿ ಆದಮೇಲೆ ಯಾರನ್ನೂ ಹಾಗೆ ಕಳಿಸಲಿಲ್ಲ. ಕೆಮ್ಮು ಶುರುವಾದ ತಕ್ಷಣ ಏನೋ ಒಂದು ಹೇಳಿ ಹೊರಗಿನ ಕೆಲಸಕ್ಕೆ ಹಾಕಿಸ್ತೀನಿ. ಸಂಬಳ ನಿಲ್ಲಲ್ಲ, ಎದೆಗೂ ಆರಾಮ. ತಪ್ಪೇನು?"

"ಅಣ್ಣನನ್ನೂ ಹಾಗೇ?"

ಅಪ್ಪ ಕೈಯ ಹಿಟ್ಟನ್ನು ಉಂಡೆ ಮಾಡತೊಡಗಿದ. "ನಲ್ಲಿ ಬಿಟ್ಕೊಂಡು ಕೆಮ್ಮಿದರೆ ನನಗೆ ಕೇಳಲ್ಲ ಅಂದ್ಕೊಂಡಿದ್ದ. ಕೈ ತೊಳೆಯೋಕೆ ಯಾರಾದರೂ ಅಷ್ಟು ಹೊತ್ತು ತಗೋತಾರಾ?"

"ಅದಕ್ಕೆ ಎಲ್ಲರ ಎದುರು ಸೋಮಾರಿ ಅಂದುಬಿಡೋದಾ?"

"ಸೋಮಾರಿ ಅಂದರೆ ಇವತ್ತಲ್ಲ ನಾಳೆ ಸರಿಹೋಗ್ತಾನೆ ಅಂತ ಕಾಯ್ತಾರೆ. ಕೆಮ್ಮು ಅಂದರೆ ಯಾರೂ ಕಾಯಲ್ಲ." ಉಂಡೆಯನ್ನು ಅದುಮುತ್ತ ಸೇರಿಸಿದ. "ಆಮೇಲೆ ಕರೆದು ಹೇಳೋಣ ಅಂತಿದ್ದೆ. ಅಷ್ಟರಲ್ಲಿ ಮನೆ ಬಿಟ್ಟು ಹೋದ. ಆಮೇಲೆ ಹೇಗೆ ಕರೆಯೋದು ಅಂತ ಗೊತ್ತಾಗಲಿಲ್ಲ."

ಊದಮ್ಮನಿಗೆ ಅಳು ಬಂದಂತಾಯಿತು. ಆದರೆ ಅಳುವುದಕ್ಕೆ ಬಂದವಳಲ್ಲ. "ಅಪ್ಪ, ಬರೋ ತಿಂಗಳು ಅವನು ಮತ್ತೆ ಈ ಕೋಣೆಗೆ ಬರ್ತಾನೆ. ಗೊತ್ತಲ್ಲ?"

"ಗೊತ್ತು. ಇನ್ನೊಂದು ನೆಪ ಹುಡುಕ್ತಿದ್ದೀನಿ."

"ನೆಪ ಸಾಕು. ಈ ಹಿಟ್ಟೇ ಅವರಿಗೆಲ್ಲ ಹೀಗೆ ಮಾಡಿದ್ದು ಅಂತ ಯಜಮಾನಿಗೆ ಹೇಳು."

"ಹಿಟ್ಟು ಏನೂ ಮಾಡಿಲ್ಲ," ಎಂದ ಅಪ್ಪ ತಟ್ಟನೆ. ದನಿ ಗಡುಸಾಗಿತ್ತು. "ಕೆಲವರದು ಎದೆ ಸೂಕ್ಷ್ಮ, ಅವರಿಗೆ ಆಗಿಬರಲ್ಲ. ನನ್ನ ನೋಡು. ಇಷ್ಟು ವರ್ಷದಿಂದ ಇದೇ ಹಿಟ್ಟು ಕುಡೀತಿದ್ದೀನಿ. ನಿನ್ನ ಕೊಳವೆ ನಾನೇ ಎಲ್ಲರಿಗಿಂತ ಮೇಲೆ ಊದಿದೆ. ನನ್ನ ಕೋಣೇಲಿ ಕೆಮ್ಮೋರು ಒಬ್ಬರಾದರೂ ಇದ್ದಾರಾ? ಇದ್ದರೆ ತೋರಿಸು."

ಅವಳು ಸುತ್ತ ನೋಡಿದಳು. ಪಕ್ಕದ ಓವನ್ ಕೋಣೆಯ ಬಾಗಿಲು ತೆರೆದಿತ್ತು. ಒಲೆಯವನೊಬ್ಬ ಈಗ ತಾನೇ ಹೊರಬಂದ ಬ್ರೆಡ್ಡುಗಳನ್ನು ಟ್ರೇಗೆ ಜೋಡಿಸುತ್ತ, ಕರಕಲಾದವನ್ನು ಎತ್ತಿ ಕಾಲ ಬಳಿಯ ಡಬ್ಬಕ್ಕೆ ಹಾಕುತ್ತಿದ್ದ. ತೂಗಿ ನೋಡುತ್ತಿರಲಿಲ್ಲ, ಯೋಚಿಸುತ್ತಿರಲಿಲ್ಲ. ಕೈ ತಾನಾಗಿ ಹೋಗುತ್ತಿತ್ತು.

"ಅಪ್ಪ, ನಮ್ಮ ಓವನ್ ಬ್ರೆಡ್ಡು ಸುಡುತ್ತಾ?"

"ಸುಡದೆ ಇರುತ್ತಾ? ಅದರ ಬಲಗಡೆ ಮೂಲೆ ಯಾವತ್ತೂ ಜಾಸ್ತಿ ಕಾಯುತ್ತೆ."

"ಮುಂದಿನ ಅಂಗಡಿಗೆ ಬಂದ ಗಿರಾಕಿ ಕಪಾಟು ನೋಡಿ, ಈ ಓವನ್ ಒಂದೂ ಬ್ರೆಡ್ಡು ಸುಡಲ್ಲ, ಎಷ್ಟು ಒಳ್ಳೆ ಓವನ್ ಅಂದರೆ?"

"ತಲೆ ಇಲ್ಲದವನು ಅಂತೀನಿ. ಸುಟ್ಟದ್ದನ್ನ ನಾವು ಮೊದಲೇ ತೆಗೆದಿರ್ತೀವಲ್ಲ—"

ಮಾತು ಅಲ್ಲೇ ನಿಂತಿತು. ಅಪ್ಪ ಓವನ್ ಕೋಣೆಯ ಕಡೆ ನೋಡಿದ, ಆಮೇಲೆ ತನ್ನ ಖಾಲಿ ಕೋಣೆಯನ್ನು. ಇಷ್ಟು ವರ್ಷ ಅವನು ಹೆಮ್ಮೆಯಿಂದ ನಿಂತಿದ್ದ ಕೋಣೆ.

"ಕಪಾಟು ನೋಡಿ ಬರೆದ ಗಿರಾಕಿ ನಾನೇ," ಎಂದಳು ಊದಮ್ಮ.

ಉಂಡೆ ಮಾಡಿದ ಹಿಟ್ಟು ಅಪ್ಪನ ಬೆರಳುಗಳ ನಡುವೆ ಒಣಗಿ ಉದುರುತ್ತಿತ್ತು. ಕೊನೆಗೆ, "ಹಾಗಾದರೆ ನಾನು ಅವರನ್ನ ತೆಗೆದಿಟ್ಟದ್ದಕ್ಕೇ ಇದು ಯಾರ ಕಣ್ಣಿಗೂ ಬೀಳಲಿಲ್ಲ," ಎಂದ. "ಒಳ್ಳೇದು ಮಾಡ್ತಿದ್ದೀನಿ ಅಂದ್ಕೊಂಡಿದ್ದೆ."

"ಒಳ್ಳೇದೇ ಮಾಡಿದ್ದು. ಇಲ್ಲದಿದ್ದರೆ ಅಣ್ಣ ಇವತ್ತಿಗೂ ಕೂತೇ ನಿದ್ದೆ ಮಾಡ್ತಿದ್ದ."

"ಕೂತು ನಿದ್ದೆ ಮಾಡ್ತಿದ್ನಾ?" ಎಂದ ಅಪ್ಪ. ಅದು ಅವನಿಗೆ ಗೊತ್ತಿರಲಿಲ್ಲ. ಏಪ್ರನ್ನಿನ ಗಂಟು ಬಿಚ್ಚತೊಡಗಿದ. "ನಡಿ."

*

ಯಜಮಾನಿಯ ಕೋಣೆಗೆ ಹೋಗುವ ಮೊದಲು ಊದಮ್ಮ ಮೆಟ್ಟಿಲಲ್ಲೇ ನಿಂತು ಕಾಲೇಜಿನ ಗೈಡಿಗೆ ಫೋನ್ ಮಾಡಿದಳು. ವರದಿ ತಪ್ಪು, ಕೋಣೆಯಲ್ಲಿ ಉಳಿದವರನ್ನಷ್ಟೇ ಅಳೆದಿದ್ದೆ, ವಾಪಸ್ ತಗೋತೀನಿ, ಈ ವರ್ಷದ ಪದವಿ ಸಿಗದಿದ್ದರೂ ಸರಿ ಎಂದು ಒಂದೇ ಉಸಿರಿನಲ್ಲಿ ಹೇಳಿದಳು. ಅತ್ತ ಕಡೆಯಿಂದ ಚಹಾ ಹೀರುವ ಸದ್ದು ಬಂತು. "ಪದವಿಯ ಮಾತು ಆಮೇಲೆ. ಉಳಿದವರನ್ನೇ ಎಣಿಸಿ ಮೋಸ ಹೋದವರಲ್ಲಿ ನೀನು ಮೊದಲನೆಯವಳಲ್ಲಮ್ಮ. ನಾನೂ ಹೋಗಿದ್ದೀನಿ, ನನಗೆ ಕಲಿಸಿದವರೂ ಹೋಗಿದ್ದಾರೆ. ನೀನಾಗಿ ಕಂಡುಹಿಡಿದೆಯಲ್ಲ, ಅದು ಅಪರೂಪ. ಬಿಟ್ಟುಹೋದವರನ್ನ ಹುಡುಕು. ಗಡುವು ನಾನು ನೋಡ್ಕೋತೀನಿ," ಎಂದರು ಗೈಡ್.

ಯಜಮಾನಿ ಐವತ್ತರ ಹೆಂಗಸು. ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ಮೇಜಿನ ಮೇಲೆಲ್ಲ ಅದನ್ನೇ ಹುಡುಕುತ್ತಿದ್ದಳು. ಊದಮ್ಮ ಹೇಳಿದ್ದನ್ನು ಪೂರ್ತಿ ಕೇಳಿದಳು. ಕೇಳುತ್ತ ಕೇಳುತ್ತ ಮುಖ ಬಿಗಿಯಿತು.

"ಅಲ್ಲಮ್ಮ, ಹೋದ ವಾರ ಒಳಗಿನ ಗಾಳಿ ಅಮೃತ ಅಂದೆ. ಈ ವಾರ ವಿಷ ಅಂತೀಯ. ಮುಂದಿನ ವಾರ ಏನು? ನಾನು ಬೇಕರಿ ನಡೆಸಬೇಕೋ, ನಿನ್ನ ವರದಿ ಬಂದ ಹಾಗೆಲ್ಲ ಕುಣೀಬೇಕೋ? ಆ ಕೋಣೆಗೆ ಧೂಳು ಎಳೆಯೋ ಯಂತ್ರ ಹಾಕಿಸೋಣ ಅಂತಿದ್ದೆ. ನಿನ್ನ ಮಾತು ಕೇಳಿ ಬೇಡ ಅಂದೆ. ವ್ಯಾನ್ ಕಂಪನಿಯವರನ್ನ ನಾಳೆ ಬರೋಕೆ ಹೇಳಿದ್ದೀನಿ."

"ವಿಷ ಅಂತ ನಾನು ಹೇಳ್ತಿಲ್ಲ ಮೇಡಂ. ನನಗೆ ಗೊತ್ತಿಲ್ಲ ಅಂತ ಹೇಳ್ತಿದ್ದೀನಿ. ಗೊತ್ತಿದೆ ಅಂತ ಬರೆದದ್ದು ತಪ್ಪು. ಆ ಕೋಣೇಲಿ ಒಮ್ಮೆಯಾದರೂ ಕೆಲಸ ಮಾಡಿದ ಎಲ್ಲರನ್ನೂ ನೋಡಿದರೆ ಮಾತ್ರ ಗೊತ್ತಾಗೋದು. ಅಲ್ಲಿವರೆಗೆ ಯಾರನ್ನೂ ಒಳಗೆ ಹಾಕಬೇಡಿ."

"ಮೇಸ್ತ್ರಿಗಳೇ," ಯಜಮಾನಿ ಅಪ್ಪನ ಕಡೆ ತಿರುಗಿದಳು. "ನೀವು ಹೇಳಿ. ಇವಳು ಹೇಳ್ತಿರೋದು ನಿಜಾನಾ? ಹದ ಗೊತ್ತಿಲ್ಲ, ಮಾತು ಜಾಸ್ತಿ, ನಗುಮುಖ, ಇದೆಲ್ಲ ಸುಳ್ಳಾ?"

"ಸುಳ್ಳು."

"ಇಷ್ಟು ವರ್ಷ?"

"ಇಷ್ಟೂ ವರ್ಷ."

"ನನಗೇ ಸುಳ್ಳು ಹೇಳಿದ್ರಿ! ನಾನು ಚಿಕ್ಕವಳಿದ್ದಾಗ ನನ್ನ ಕೈಗೆ ಹಿಟ್ಟಿನ ಗೊಂಬೆ ಮಾಡಿ ಕೊಡ್ತಿದ್ದವರು ನೀವು."

"ನಿಮ್ಮ ತಂದೆಯವರು ಕೆಮ್ಮಿದವರನ್ನ ಇಟ್ಕೋತಿರಲಿಲ್ಲಮ್ಮ," ಎಂದ ಅಪ್ಪ. "ನೀವು ಇಟ್ಕೋತೀರೋ ಇಲ್ಲವೋ ಅಂತ ಕೇಳಿ ನೋಡೋ ಧೈರ್ಯ ನನಗೆ ಬರಲಿಲ್ಲ. ಕೇಳಿದ ಮೇಲೆ ಇಲ್ಲ ಅಂದುಬಿಟ್ಟರೆ? ಅದಕ್ಕೆ ಕೇಳಲೇ ಇಲ್ಲ. ಇದು ನನ್ನ ತಪ್ಪು. ನನ್ನನ್ನ ತೆಗೆಯೋದಾದರೆ ತೆಗೀರಿ. ಹುಡುಗರು ಏನೂ ಮಾಡಿಲ್ಲ."

ಅಷ್ಟರಲ್ಲಿ ಬಾಗಿಲಲ್ಲಿ ಅಣ್ಣ ನಿಂತಿದ್ದ. ಬದಲಿ ಕೆಲಸದ ವಿಷಯ ಮಾತಾಡಲು ಯಜಮಾನಿಯೇ ಅವನನ್ನು ಕರೆಸಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದನೋ, ವ್ಯಾನಿನ ಕೀಲಿಯನ್ನು ಬೆರಳಿಗೆ ಸಿಕ್ಕಿಸಿಕೊಂಡು ಹಾಗೇ ಇದ್ದ.

"ಒಳಗೆ ಬಾ," ಎಂದಳು ಯಜಮಾನಿ. "ನಿನ್ನ ಬಗ್ಗೆಯೂ ಇವರು ಸುಳ್ಳೇ ಹೇಳಿದ್ದಾ?"

ಅಪ್ಪ ಮಗನ ಕಡೆ ನೋಡಲಿಲ್ಲ. ಯಜಮಾನಿಯ ಮೇಜಿನ ಕಾಲನ್ನು ನೋಡುತ್ತ ಹೇಳಿದ. "ಇವನು ಸೋಮಾರಿ ಅಲ್ಲ. ನಾನು ಕಲಿಸಿದವರಲ್ಲಿ ಇವನಷ್ಟು ಒಳ್ಳೆ ಕೈ ಇನ್ನೊಂದಿಲ್ಲ. ಉಸಿರು ಹೋಗ್ತಿತ್ತು, ಅದಕ್ಕೆ ಕಳಿಸಿದೆ."

ಅಣ್ಣ ಏನೋ ಹೇಳಲು ಬಾಯಿ ತೆರೆದ. ಮಾತಿನ ಬದಲು ಕೆಮ್ಮು ಬಂತು. ಈ ಸಲ ನಲ್ಲಿ ಇರಲಿಲ್ಲ, ಹಿತ್ತಲೂ ಇರಲಿಲ್ಲ. ಎಲ್ಲರ ಎದುರು, ತಡೆಯದೆ, ಬೇಕಾದಷ್ಟು ಹೊತ್ತು ಕೆಮ್ಮಿದ. ಯಜಮಾನಿ ಎದ್ದು ತನ್ನ ನೀರಿನ ಲೋಟವನ್ನು ಅವನ ಮುಂದೆ ಇಟ್ಟಳು.

"ಇಟ್ಕೋತಿದ್ದೆ ಮೇಸ್ತ್ರಿಗಳೇ," ಎಂದಳು ಕೂತ ಮೇಲೆ. "ಕೇಳಿದ್ದರೆ ಇಟ್ಕೋತಿದ್ದೆ." ಆಮೇಲೆ ತಾನೇ ಯೋಚಿಸಿದಳು. "ಮೊದಮೊದಲು ಬಹುಶಃ ಇಲ್ಲ. ಆಗ ನನಗೂ ಅಪ್ಪನ ಮಾತೇ ವೇದವಾಕ್ಯ. ನೀವು ಸುಳ್ಳು ಹೇಳಿದ್ದಕ್ಕೆ ಸಿಟ್ಟಿದೆ. ಆ ಸಿಟ್ಟು ಇನ್ನೊಂದೆರಡು ತಿಂಗಳು ಇರುತ್ತೆ, ತಡ್ಕೊಳ್ಳಿ."

"ತಡ್ಕೋತೀನಮ್ಮ."

"ವ್ಯಾನ್ ಕಂಪನಿಯವರಿಗೆ ಬರಬೇಡಿ ಅಂತೀನಿ. ಇವನು ವ್ಯಾನಿನಲ್ಲೇ ಇರಲಿ. ಧೂಳಿನ ಯಂತ್ರದವರನ್ನ ಮತ್ತೆ ಕರೆಸ್ತೀನಿ, ಪುಸ್ತಕ ಹೇಗೂ ಹಾಕಿ ಅನ್ನುತ್ತಲ್ಲ. ಆದರೆ ಊದಮ್ಮ, ಈ ಸಲ ಬಿಟ್ಟವರನ್ನೆಲ್ಲ ಹುಡುಕಿ ಸರಿಯಾಗಿ ಬರೀಬೇಕು. ನಮ್ಮ ಅಪ್ಪನ ಕಾಲದಲ್ಲಿ ಗೇಟಿನ ಹೊರಗೆ ಹೋದವರೂ ಸೇರಿ." ತನ್ನ ಅಪ್ಪನ ಮಾತು ಬಂದಾಗ ಅವಳ ದನಿ ಸ್ವಲ್ಪ ತಡವರಿಸಿತು. "ಅವರೆಲ್ಲ ಎಲ್ಲಿದ್ದಾರೋ. ಯಾರು ಹುಡುಕ್ತಾರೆ?"

"ನಾವು ದಿನಾ ಊರೆಲ್ಲ ಸುತ್ತೋದೇ ಅಲ್ವಾ," ಎಂದ ಅಣ್ಣ, ನೀರು ಕುಡಿದು. ದನಿ ಇನ್ನೂ ಒರಟಾಗಿತ್ತು. "ಯಾವ ಬೀದೀಲಿ ಯಾರಿದ್ದಾರೆ ಅಂತ ಅಂಗಡಿಯವರನ್ನ ಕೇಳಿದರೆ ಆಯ್ತು. ನಾನು ಕರ್ಕೊಂಡು ಹೋಗ್ತೀನಿ. ಆದರೆ ನಮ್ಮನ್ನ ನೋಡಿದರೆ ಅವರು ಯಾಕೆ ಊದ್ತಾರೆ? ಬೇಕರಿಯವರು ಅಂದರೇ ಬಾಗಿಲು ಹಾಕ್ಕೋತಾರೆ."

"ನಾನೂ ಬರ್ತೀನಿ," ಎಂದ ಅಪ್ಪ ಮೇಜಿನ ಕಾಲಿಗೆ. "ಅವರಿಗೆಲ್ಲ ನಾನು ಗೊತ್ತು."

"ವ್ಯಾನಿನಲ್ಲಿ ಹೊಗೆ ಇದೆಯಂತೆ," ಎಂದ ಅಣ್ಣ.

ಅಪ್ಪ ಮೊದಲ ಸಲ ಅವನ ಮುಖ ನೋಡಿದ. ಒಂದೂವರೆ ವರ್ಷದ ನಂತರ ಮಗ ತನ್ನನ್ನೇ ಕುರಿತು ಹೇಳಿದ ಮೊದಲ ಮಾತು ಒಂದು ಕುಚೋದ್ಯ ಎಂದು ಗೊತ್ತಾಗಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು.

*

ಭಾನುವಾರ ಮಧ್ಯಾಹ್ನ ವ್ಯಾನಿನ ಮುಂದಿನ ಸೀಟಿನಲ್ಲಿ ಮೂವರೂ ಒತ್ತಿಕೊಂಡು ಕೂತರು. ಅಣ್ಣ ಸ್ಟೀರಿಂಗ್ ಹಿಡಿದಿದ್ದ, ಅಪ್ಪ ಕಿಟಕಿಯ ಪಕ್ಕ, ನಡುವೆ ಊದಮ್ಮ, ಅವಳ ಮಡಿಲಲ್ಲಿ ಕೊಳವೆ.

"ಬ್ರೇಕ್ ಹಾಕೋ!"

"ಅಪ್ಪ, ಆ ಬಸ್ಸು ಇನ್ನೂ ಎಷ್ಟೋ ದೂರ ಇದೆ."

"ದೂರ ಇದ್ದಾಗಲೇ ಹಾಕಬೇಕು. ಹತ್ತಿರ ಬಂದ ಮೇಲೆ ಹಾಕಿ ಏನು ಮಾಡ್ತೀಯ?"

"ನೀನು ಹಿಟ್ಟಿನ ಕೋಣೇಲೇ ಇರಬೇಕಿತ್ತು."

"ನೋಡೇ, ನಿನ್ನ ಅಣ್ಣ ಹೇಗೆ ಮಾತಾಡ್ತಾನೆ."

ಮಾತು ಎಲ್ಲ ಊದಮ್ಮನ ಮೂಲಕವೇ ಹೋಗುತ್ತಿತ್ತು, ಆದರೆ ಹೋಗುತ್ತಿತ್ತು. ಅವಳ ಮನಸ್ಸು ಮಾತ್ರ ಇನ್ನೊಂದು ಕಡೆ ಇತ್ತು. ಎಲ್ಲರೂ ಸಿಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಊರು ಬಿಟ್ಟವರಿರುತ್ತಾರೆ. ಸತ್ತವರಿರುತ್ತಾರೆ. ಎಲ್ಲರಿಗಿಂತ ಕೆಟ್ಟ ಎದೆ ಅವರದೇ ಇದ್ದೀತು, ಅವರು ಯಾವ ಕೊಳವೆಯನ್ನೂ ಊದುವುದಿಲ್ಲ. ಅದನ್ನೂ ಬರೆಯಬೇಕು. ಯಾರು ಸಿಗಲಿಲ್ಲ ಎಂಬುದನ್ನು ಸಿಕ್ಕವರಷ್ಟೇ ಚೆನ್ನಾಗಿ ಬರೆಯಬೇಕು. ಒಂದು ವಾರದ ಹಿಂದೆ ಈ ಯೋಚನೆ ಬಂದಿದ್ದರೆ ಅವಳಿಗೆ ಹೆದರಿಕೆಯಾಗುತ್ತಿತ್ತು. ಈಗ ಕೆಲಸ ಮಾಡಬೇಕು ಅನಿಸಿತು.

ಮೊದಲ ಮನೆ ಗುಂಡಿ, ದಾರ, ಜಿಪ್ಪು ಮಾರುವ ಕಿರಿದಾದ ಅಂಗಡಿಯ ಮೇಲೆ. ಅಂಗಡಿಯಾಕೆಯೇ ಮೊದಲು ಹಿಟ್ಟಿನ ಕೋಣೆಯಲ್ಲಿದ್ದವಳು. ಹಳೆಯ ಯಜಮಾನರ ಕಾಲದಲ್ಲಿ ಗೇಟಿನ ಹೊರಗೆ ಹೋದವಳು. ಅಪ್ಪನಿಗಿಂತ ಒಂದಿಷ್ಟು ದೊಡ್ಡವಳು, ದುಂಡು ಮೈ. ಗಾಜಿನ ಭರಣಿಗಳ ಹಿಂದಿನಿಂದ ಅಪ್ಪನನ್ನು ನೋಡಿ ಎದ್ದು ನಿಂತಳು.

"ಏನಪ್ಪಾ, ಈಗ ಬಂದೆಯಾ ನನ್ನ ಯೋಗಕ್ಷೇಮ ಕೇಳೋಕೆ? ಗೇಟಿನ ಹತ್ತಿರ ಅವತ್ತು ತಲೆ ಬಗ್ಗಿಸಿ ನಿಂತವನು!"

"ಅವತ್ತು ನನ್ನ ಕೈಲಿ ಏನೂ ಇರಲಿಲ್ಲ ಅಕ್ಕ."

"ಇವತ್ತು ಏನಿದೆ?"

ಅಪ್ಪ ಮಗಳ ಕಡೆ ನೋಡಿದ. ಊದಮ್ಮ ಕೊಳವೆ ತೋರಿಸಿ, ವಿಷಯ ಬಿಡಿಸಿ ಹೇಳಿದಳು. ತಪ್ಪು ಎಲ್ಲಿ ಆಯಿತು ಎಂಬುದನ್ನೂ ಮುಚ್ಚಿಡಲಿಲ್ಲ. ಅಂಗಡಿಯಾಕೆ ಕೈ ಕಟ್ಟಿಕೊಂಡು ಕೇಳಿದಳು. ಕೇಳಿ ಮುಗಿದ ಮೇಲೆ ಭರಣಿಯೊಂದರ ಗುಂಡಿಗಳಲ್ಲಿ ಕೈಯಾಡಿಸಿದಳು.

"ಅಂದರೆ ನನ್ನ ಎದೆ ಸೂಕ್ಷ್ಮ ಅಂತಲ್ಲ?"

"ಅದನ್ನೇ ನೋಡಬೇಕು ಅಂತಿದ್ದೀನಿ."

"ನಾನೊಬ್ಬಳೇ ಹೀಗೆ ಅಂದ್ಕೊಂಡಿದ್ದೆ ಕಣಮ್ಮ. ನನ್ನ ಮೈಯೇ ಸರಿಯಿಲ್ಲ, ಬೇರೆಯವರಿಗೆಲ್ಲ ಏನೂ ಆಗಲ್ಲ ಅಂತ." ಅವಳು ಮುಂದೆ ಬಂದು ಕೊಳವೆಯನ್ನು ಕಿತ್ತುಕೊಳ್ಳುವಂತೆ ತೆಗೆದುಕೊಂಡಳು. "ಹೇಗೆ ಊದೋದು?"

"ಉಸಿರು ಪೂರ್ತಿ ತುಂಬ್ಕೊಂಡು, ಒಂದೇ ಸಲಕ್ಕೆ—"

ಅವಳು ಊದಿದಳು. ಮುಳ್ಳು ಅರ್ಧವೂ ಹೋಗಲಿಲ್ಲ. ಅಪ್ಪ ಮುಖ ತಿರುಗಿಸಿ ಬೀದಿ ನೋಡಿದ. ಅವಳೇ ನಗುತ್ತ, "ಇಷ್ಟೇ ನನ್ನ ಬಂಡವಾಳ, ಬರ್ಕೋ," ಎಂದಳು. ಆಮೇಲೆ ಅಂಗಡಿಯ ಶಟರ್ ಅರ್ಧ ಎಳೆದು ಚೀಲ ಹೆಗಲಿಗೆ ಹಾಕಿಕೊಂಡಳು. "ನನ್ನ ಜೊತೆ ಕೆಲಸ ಬಿಟ್ಟವಳೊಬ್ಬಳು ನೀರಿನ ಟ್ಯಾಂಕಿನ ಹತ್ತಿರ ಇದ್ದಾಳೆ. ಅವಳ ಓರಗಿತ್ತಿಯೂ ಹಿಟ್ಟಿನ ಕೋಣೇಲೇ ಇದ್ದವಳು. ನಾನು ಬರದೆ ಹೋದರೆ ಅವರು ಬಾಗಿಲು ತೆಗೆಯಲ್ಲ, ಮಹಾ ಜಗಳಗಂಟಿಯರು."

"ನಿಮ್ಮ ಗೆಳತಿಯರೇ ಸಿಕ್ಕಿದರೆ ಅದೂ ಒಂದು ತಪ್ಪಾಗುತ್ತೆ ಅಮ್ಮ," ಎಂದಳು ಊದಮ್ಮ. "ನಿಮಗೆ ಆಗದವರೂ ಬೇಕು ನನಗೆ."

"ಅಯ್ಯೋ, ಆಗದವರು ಬೇಕಾದಷ್ಟಿದ್ದಾರೆ. ನಡಿ, 'ಆರೋಗ್ಯವಾಗಿದ್ದೀನಿ, ನನಗೇನೂ ಆಗಿಲ್ಲ' ಅಂತ ಮೆರೆಯೋ ಒಬ್ಬನಿದ್ದಾನೆ, ಮೊದಲು ಅವನನ್ನೇ ಊದಿಸು."

ಮುಂದೆ ಜಾಗ ಇರಲಿಲ್ಲ. ಅಪ್ಪ ತನ್ನ ಸೀಟನ್ನು ಆಕೆಗೆ ಬಿಟ್ಟು ಹಿಂದೆ ಹೋಗಿ, ಖಾಲಿ ಟ್ರೇಗಳ ನಡುವೆ ಗೋಡೆ ಹಿಡಿದು ಕೂತ. ಅಣ್ಣ ಹಿಂದಿನ ಬಾಗಿಲು ಹಾಕಲು ಹೋದವನು, ಅರ್ಧಕ್ಕೆ ನಿಲ್ಲಿಸಿ ಒಳಗೆ ಬಗ್ಗಿದ.

"ಗಟ್ಟಿಯಾಗಿ ಹಿಡ್ಕೊಂಡಿದ್ದೀಯಾ ಅಪ್ಪ?"

"ಹಿಡ್ಕೊಂಡಿದ್ದೀನಿ. ನೀನು ನಿಧಾನ ಹೋಗು."

"ನಿಧಾನ ಹೋಗ್ತೀನಿ," ಎಂದ ಅಣ್ಣ. ಬಾಗಿಲು ಹಾಕಿ ಮುಂದೆ ಬಂದ. ಊದಮ್ಮ ಆಗಲೇ ಅಂಗಡಿಯಾಕೆಯನ್ನು, ಆ ಮೆರೆಯುವವನ ಮನೆ ಎಲ್ಲಿ ಎಂದು ಕೇಳುತ್ತಿದ್ದಳು.